ನಂಜು ತಾಗದ ಗೆಡ್ಡೆಯ ಬೆನ್ನು ಹತ್ತಿ

ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಆಲೂಗಡ್ಡೆ ಬೆಳೆಗಾರರಿಗೆ 1770ರ ಸುಮಾರಿಗೆ ಹೊಸ ಕಾಟವೊಂದು ಗಂಟುಬಿದ್ದಿತು. ಎಲೆ ಮುದುಡಿಕೊಳ್ಳುತ್ತಿತ್ತು, ಗಿಡ ಏಳುತ್ತಿರಲಿಲ್ಲ, ಬುಡ ಅಗೆದರೆ ಗೋಲಿ ಗಾತ್ರದ ನಾಲ್ಕಾರು ಗೆಡ್ಡೆ ಸಿಗುತ್ತಿದ್ದವು. ಹುಳುವೂ ಕಾಣುತ್ತಿರಲಿಲ್ಲ, ಬೂಷ್ಟೂ ಕಾಣುತ್ತಿರಲಿಲ್ಲ. ಅದೇ ಗೆಡ್ಡೆಯನ್ನು ಮರುವರ್ಷ ಬಿತ್ತಿದರೆ ಇಳುವರಿ ಇನ್ನಷ್ಟು ಕುಸಿಯುತ್ತಿತ್ತು. ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಒಳ್ಳೆಯ ತಳಿಯೆಂದು ಹೆಸರಾದದ್ದು ಬಿತ್ತನೆಗೇ ಬಾರದಂತಾಗುತ್ತಿತ್ತು.

ತಳಿಗೆ ಮುಪ್ಪು ಬಂತು ಎಂದು ಜನ ನಂಬಿದರು. ತೋಟಗಾರಿಕೆಯಲ್ಲಿ ಆ ಕಾಲದ ದೊಡ್ಡ ಹೆಸರಾಗಿದ್ದ ಥಾಮಸ್ ಆಂಡ್ರ್ಯೂ ನೈಟ್ ಈ ನಂಬಿಕೆಗೆ ಸಿದ್ಧಾಂತದ ರೂಪ ಕೊಟ್ಟರು. ಗೆಡ್ಡೆಯಿಂದ ಗೆಡ್ಡೆಗೆ ಬೆಳೆಸುತ್ತ ಹೋದ ತಳಿಗೂ ಒಂದು ಆಯುಷ್ಯವಿದೆ, ಅದು ತೀರಿದಾಗ ಹೂವಿನ ಕಾಯಿಯಿಂದ ಬೀಜ ತೆಗೆದು ಹೊಸ ತಳಿ ಎಬ್ಬಿಸಬೇಕು ಎಂಬುದು ಅವರ ವಾದ. ಬೀಜದಿಂದ ಎದ್ದ ಸಸಿಗಳು ನಿಜಕ್ಕೂ ಲಕಲಕಿಸುತ್ತಿದ್ದುದರಿಂದ ವಾದ ಗಟ್ಟಿಯಾಯಿತು. ಆದರೆ ನಿಜವಾದ ಕಾರಣ ಮುಪ್ಪಲ್ಲ, ವೈರಸ್. ಆಲೂಗಡ್ಡೆಯ ಹೆಚ್ಚಿನ ವೈರಸ್‌ಗಳು ಗೆಡ್ಡೆಯ ಮೂಲಕ ಮುಂದಿನ ಪೀಳಿಗೆಗೆ ದಾಟುತ್ತವೆ, ಬೀಜದ ಮೂಲಕ ದಾಟುವುದಿಲ್ಲ. ಇದು ಗೊತ್ತಾಗಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಿತ್ತು. ಸ್ಕಾಟ್ಲೆಂಡಿನ ಎತ್ತರದ ಹೊಲಗಳಿಂದ ಬಿತ್ತನೆ ಗೆಡ್ಡೆ ತಂದರೆ ರೋಗ ಕಡಿಮೆ ಎಂಬುದನ್ನು ರೈತರು ಅನುಭವದಿಂದಲೇ ಕಂಡುಕೊಂಡಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ, ಆದರೂ ಪದ್ಧತಿ ನಿಂತಿತು. ಈ ಇಡೀ ಚರಿತ್ರೆಯಲ್ಲಿ ರೈತರ ಕಣ್ಣು ವಿಜ್ಞಾನಕ್ಕಿಂತ ಮೊದಲೇ ಸರಿದಾರಿ ಹಿಡಿದ ಜಾಗ ಇದು ಎಂದು ನನಗನ್ನಿಸುತ್ತದೆ.

ಗುಟ್ಟು ಬಿಚ್ಚಿಕೊಂಡದ್ದು ಇಪ್ಪತ್ತನೇ ಶತಮಾನದಲ್ಲಿ. ಎಲೆ ಸುರುಳಿ ರೋಗ ಒಂದು ಗಿಡದಿಂದ ಇನ್ನೊಂದಕ್ಕೆ ಅಂಟುತ್ತದೆ ಎಂದು ನೆದರ್‌ಲ್ಯಾಂಡ್ಸ್‌ನ ಕ್ವಾಂಯರ್ ತೋರಿಸಿದರು. ಅದನ್ನು ಹೊತ್ತು ತಿರುಗುವುದು ಗಿಡಹೇನು ಎಂದು 1920ರಲ್ಲಿ ಅದೇ ದೇಶದ ಊರ್ಟ್‌ವೈನ್ ಬೋತ್ಯೆಸ್ ಸಾಧಿಸಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೆಡ್‌ಕ್ಲಿಫ್ ಸಲಮನ್ ಅವರ ಮುಂದಾಳತ್ವದಲ್ಲಿ ಆಲೂಗಡ್ಡೆ ವೈರಸ್‌ಗಳಿಗೆಂದೇ ಒಂದು ಸಂಶೋಧನಾ ಕೇಂದ್ರ ತಲೆಯೆತ್ತಿತು. ಅಲ್ಲಿದ್ದ ಕೆನೆತ್ ಸ್ಮಿತ್ 1931ರಲ್ಲಿ ಪ್ರಕಟಿಸಿದ ಪ್ರಬಂಧ ಒಂದು ದೊಡ್ಡ ಗೋಜಲನ್ನು ಬಿಡಿಸಿತು. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಮೂಡಿಸಿ ಸುಕ್ಕುಗಟ್ಟಿಸುವ ಮೊಸಾಯಿಕ್ ರೋಗ ಒಂದೇ ವೈರಸ್ಸಿನದಲ್ಲ, ಎರಡು ಸೇರಿ ಮಾಡುವ ಕೆಲಸ ಎಂದು ಅವರು ಹೇಳಿದರು. ಎಲೆಗೆ ಎಲೆ ತಾಗಿ ರಸದ ಮೂಲಕ ಹರಡುವುದಕ್ಕೆ ಎಕ್ಸ್ ಎಂದೂ, ಗಿಡಹೇನು ಹೊತ್ತೊಯ್ಯುವುದಕ್ಕೆ ವೈ ಎಂದೂ ಹೆಸರಿಟ್ಟರು. ಆ ಎರಡು ಅಕ್ಷರಗಳೇ ಇಂದಿಗೂ ಉಳಿದಿವೆ. ವೈ ವೈರಸ್ ಈಗ ಜಗತ್ತಿನಾದ್ಯಂತ ಆಲೂಗಡ್ಡೆಯ ಅತಿ ಕೆಟ್ಟ ವೈರಸ್‌ಗಳಲ್ಲೊಂದು. ಸೋಂಕಿದ ಗೆಡ್ಡೆಯನ್ನೇ ಬಿತ್ತಿದರೆ ಅರ್ಧಕ್ಕೂ ಹೆಚ್ಚು ಫಸಲು ಕೈತಪ್ಪಬಹುದು.

ಗಿಡಹೇನು ಈ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ರೆಕ್ಕೆ ಬಂದ ಹೇನು ಹೊಲದ ಮೇಲೆ ಹಾರಿ ಬಂದು ಎಲೆಯ ಮೇಲೆ ಕೂರುತ್ತದೆ. ಇದು ತನಗೆ ಸೇರುವ ಗಿಡವೋ ಅಲ್ಲವೋ ಎಂದು ತಿಳಿಯಲು ಸೂಜಿಯಂಥ ಬಾಯನ್ನು ಎಲೆಯ ಮೇಲ್ಪದರದ ಜೀವಕೋಶಕ್ಕೆ ಚುಚ್ಚಿ ರುಚಿ ನೋಡುತ್ತದೆ. ಕೆಲವೇ ಸೆಕೆಂಡು ಸಾಕು, ವೈ ವೈರಸ್ ಬಾಯಿಯ ತುದಿಗೆ ಅಂಟಿಕೊಂಡಿರುತ್ತದೆ. ರುಚಿ ಹಿಡಿಸಲಿಲ್ಲವೆಂದು ಪಕ್ಕದ ಗಿಡಕ್ಕೆ ಹಾರಿ ಮತ್ತೆ ಚುಚ್ಚಿದಾಗ ವೈರಸ್ ಅಲ್ಲಿ ಇಳಿಯುತ್ತದೆ. ಕೀಟನಾಶಕ ಸಿಂಪಡಿಸಿದ್ದರೂ ಹೇನು ಸಾಯುವುದು ಇದೆಲ್ಲ ಮುಗಿದ ಮೇಲೆ. ಹೀಗಾಗಿ ಎಷ್ಟು ಔಷಧಿ ಹೊಡೆದರೂ ವೈ ವೈರಸ್ಸನ್ನು ತಡೆಯಲಾಗದು. ಆಲೂಗಡ್ಡೆಯ ಮೇಲೆ ಬದುಕದ ಬೇರೆ ಜಾತಿಯ ಹೇನುಗಳೂ ಹಾರುವ ದಾರಿಯಲ್ಲಿ ಹೀಗೆ ರುಚಿ ನೋಡಿ ಸೋಂಕು ಹಚ್ಚಿ ಹೋಗುತ್ತವೆ.

ಹಾಗಾದರೆ ಉಳಿದ ದಾರಿಗಳೇನು? ಮೊದಲನೆಯದು ಶುದ್ಧ ಬಿತ್ತನೆ. ಫ್ರಾನ್ಸಿನ ಜಾರ್ಜ್ ಮೊರೆಲ್ ಐವತ್ತರ ದಶಕದಲ್ಲಿ ಚಿಗುರಿನ ತುತ್ತತುದಿಯ ಕಣದಷ್ಟು ಭಾಗವನ್ನು ಗಾಜಿನ ನಳಿಗೆಯಲ್ಲಿ ಬೆಳೆಸಿ, ಸೋಂಕಿತ ತಳಿಯಿಂದ ಸೋಂಕಿಲ್ಲದ ಗಿಡ ಎಬ್ಬಿಸಿದರು. ನಮ್ಮ ದೇಶದಲ್ಲಿ ಪುಷ್ಕರನಾಥ್ ಅವರು ಇನ್ನೊಂದು ಜಾಣತನದ ಉಪಾಯ ಕಂಡುಕೊಂಡರು. ಉತ್ತರದ ಬಯಲಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗಿಡಹೇನು ವಿರಳ. ಆ ಕಿಟಕಿಯಲ್ಲೇ ಬೆಳೆ ಬೆಳೆದು, ನೂರು ಎಲೆಗೆ 20 ಹೇನು ಮುಟ್ಟುವ ಮೊದಲೇ ಜನವರಿಯೊಳಗೆ ಗಿಡದ ಮೇಲ್ಭಾಗ ಕತ್ತರಿಸಿಬಿಟ್ಟರೆ ವೈರಸ್ ಗೆಡ್ಡೆಗೆ ಇಳಿಯುವುದಿಲ್ಲ. ಅಲ್ಲಿಯವರೆಗೆ ಒಳ್ಳೆಯ ಬಿತ್ತನೆಗೆ ಶಿಮ್ಲಾದಂಥ ಬೆಟ್ಟಗಳೇ ಗತಿಯಾಗಿದ್ದವು. ಈ ಪದ್ಧತಿ ಬಂದ ಮೇಲೆ ಪಂಜಾಬಿನ ಬಯಲು ದೇಶದ ಬಿತ್ತನೆ ಕಣಜವಾಯಿತು. ಭಾರತದ ಆಲೂಗಡ್ಡೆ ಬೇಸಾಯಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದ ಸಂಶೋಧನೆ ಇನ್ನೊಂದಿಲ್ಲ.

ಆದರೆ ಶುದ್ಧ ಬಿತ್ತನೆಯನ್ನು ವರ್ಷ ವರ್ಷವೂ ಕೊಳ್ಳಬೇಕು. ಆಲೂಗಡ್ಡೆ ಬೇಸಾಯದ ಖರ್ಚಿನಲ್ಲಿ ಬಿತ್ತನೆಗೆ ಹೋಗುವುದೇ ದೊಡ್ಡ ಪಾಲು. ಗಿಡವೇ ವೈರಸ್ಸನ್ನು ಒಳಗೆ ಬಿಟ್ಟುಕೊಳ್ಳದಂತಿದ್ದರೆ, ಮನೆಯಲ್ಲಿ ಉಳಿಸಿಕೊಂಡ ಗೆಡ್ಡೆಯೇ ಮರುವರ್ಷಕ್ಕೆ ಬಿತ್ತನೆಯಾಗುತ್ತದೆ. ಎರಡನೆಯ ದಾರಿ ಇದು, ಮತ್ತು ಸಣ್ಣ ರೈತನಿಗೆ ನಿಜವಾಗಿ ಬೇಕಾದ ದಾರಿ.

ಅಂಥ ಗಿಡವನ್ನು ಎಲ್ಲಿ ಹುಡುಕುವುದು? ಯುರೋಪಿನಲ್ಲಿದ್ದ ಆಲೂಗಡ್ಡೆಗಳೆಲ್ಲ ದಕ್ಷಿಣ ಅಮೆರಿಕದಿಂದ ಬಂದ ಕೆಲವೇ ಗೆಡ್ಡೆಗಳ ಸಂತಾನ. ಉಳಿದ ಸಂಪತ್ತೆಲ್ಲ ಆಂಡಿಸ್ ಪರ್ವತಗಳಲ್ಲಿ, ಮೆಕ್ಸಿಕೋದ ಬೆಟ್ಟಗಳಲ್ಲಿ ಇತ್ತು. ಅದನ್ನು ಮೊದಲು ಮನಗಂಡವರು ರಷ್ಯನ್ನರು. ನಿಕೊಲಾಯ್ ವಾವಿಲೋವ್ ಅವರ ಸಂಸ್ಥೆಯಿಂದ ಬುಕಾಸೊವ್, ಯುಜೆಪ್ಚುಕ್ ಇಪ್ಪತ್ತರ ದಶಕದಲ್ಲೇ ಅಲ್ಲಿಗೆ ಹೋಗಿ ಗೆಡ್ಡೆ ತಂದಿದ್ದರು. 1938ರಲ್ಲಿ ಜ್ಯಾಕ್ ಹಾಕ್ಸ್ ಎಂಬ ಇಪ್ಪತ್ತಮೂರು ವರ್ಷದ ಇಂಗ್ಲಿಷ್ ತರುಣ ಲೆನಿನ್‌ಗ್ರಾಡ್‌ಗೆ ಹೋಗಿ ವಾವಿಲೋವ್ ಅವರಿಂದ ಕಲಿತು ಬಂದರು. ಎರಡು ವರ್ಷದಲ್ಲಿ ವಾವಿಲೋವ್ ಸೆರೆಯಾದರು, 1943ರಲ್ಲಿ ಸರಾಟೊವ್‌ನ ಜೈಲಿನಲ್ಲಿ ಪ್ರಾಣ ಬಿಟ್ಟರು. ಜರ್ಮನ್ ಮುತ್ತಿಗೆಯಲ್ಲಿ ಲೆನಿನ್‌ಗ್ರಾಡ್ ಹಸಿವಿನಿಂದ ಸಾಯುತ್ತಿದ್ದಾಗ ಅವರ ಸಂಸ್ಥೆಯ ನೌಕರರು ಸಂಗ್ರಹದ ಬೀಜ, ಗೆಡ್ಡೆಗಳನ್ನು ತಿನ್ನದೆ ಕಾದರು. ಅವರಲ್ಲಿ ಕೆಲವರು ಹಸಿವಿನಿಂದಲೇ ಸತ್ತರು. ಆಲೂಗಡ್ಡೆಯ ಚರಿತ್ರೆ ಬರೆಯುವ ಯಾರೂ ಇದನ್ನು ದಾಟಿ ಹೋಗಬಾರದು.

ಹಾಕ್ಸ್ 1939ರಲ್ಲಿ ಎಡ್ವರ್ಡ್ ಬಾಲ್ಸ್ ಮತ್ತು ವಿಲಿಯಂ ಬಾಲ್ಫೋರ್ ಗೌರ್ಲೆ ಜೊತೆ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿದರು. ಅರ್ಜೆಂಟೀನ, ಬೊಲಿವಿಯ, ಪೆರು, ಈಕ್ವೆಡಾರ್, ಕೊಲಂಬಿಯಗಳ ಬೆಟ್ಟಗುಡ್ಡ ಅಲೆದು, ಸಂತೆಗಳಲ್ಲಿ ಕೊಂಡು, ಕಾಡುಗಿಡಗಳ ಬುಡ ಅಗೆದು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ತಂದರು. ಇಂದು ಸ್ಕಾಟ್ಲೆಂಡಿನ ಡಂಡೀ ಬಳಿ ಇರುವ ಕಾಮನ್‌ವೆಲ್ತ್ ಆಲೂಗಡ್ಡೆ ಸಂಗ್ರಹದ ಬುನಾದಿ ಅದು. ವೈರಸ್ ಭಯದಿಂದ ಅಲ್ಲಿ ಈಗ ಗೆಡ್ಡೆ ಇಡುವುದಿಲ್ಲ, ಬೀಜವನ್ನು ಕಾಪಿಡುತ್ತಾರೆ.

ಆ ಸಂಗ್ರಹದ 1673ನೇ ನಂಬರಿನ ಮಾದರಿಯ ಕಥೆಯೇ ಒಂದು ಪುಸ್ತಕವಾಗುವಂಥದ್ದು. ಆಂಡಿಸ್‌ನ ರೈತರು ತಲೆಮಾರುಗಳಿಂದ ಬೆಳೆಯುತ್ತಿದ್ದ ಆಂಡಿಜೆನ ಗುಂಪಿನ ಆಲೂಗಡ್ಡೆ ಅದು. ಅದರ ಬೇರಿಗೆ ಜಂತುಹುಳು ಮುತ್ತುವುದಿಲ್ಲವೆಂದು 1952ರಲ್ಲಿ ಎಲೆನ್‌ಬಿ ಪ್ರಕಟಿಸಿದರು. ಆ ಗುಣ ಮುಂದೆ ಬ್ರಿಟನ್ನಿನ ಮನೆಮಾತಾದ ಮ್ಯಾರಿಸ್ ಪೈಪರ್ ತಳಿಗೆ ಹೋಯಿತು. ಅದೇ ಗಿಡದಲ್ಲಿ ಎಕ್ಸ್ ವೈರಸ್ಸನ್ನು ಹತ್ತಿರ ಸೇರಿಸದ ಜೀನ್ ಕೂಡ ಇತ್ತು, ಐರ್ಲೆಂಡಿನ ಕಾರಾ ತಳಿಗೆ ಅದು ಬಂದಿತು. ಆಂಡಿಸ್‌ನ ಯಾವುದೋ ಹೊಲದ ಹೆಸರಿಲ್ಲದ ರೈತರು ಕಾಪಾಡಿಕೊಂಡು ಬಂದದ್ದರಿಂದ ಯುರೋಪಿನ ಎರಡು ದೊಡ್ಡ ತೊಂದರೆಗಳಿಗೆ ಮದ್ದು ಸಿಕ್ಕಿತು.

ವೈ ವೈರಸ್ಸಿಗೆ ಉತ್ತರ ಮೆಕ್ಸಿಕೋದ ಕಾಡು ಆಲೂಗಡ್ಡೆಯಲ್ಲಿತ್ತು, ಹೆಸರು ಸೊಲಾನಮ್ ಸ್ಟೊಲೊನಿಫೆರಮ್. ಜರ್ಮನಿಯಲ್ಲಿ ಸ್ಟೆಲ್ಜ್‌ನರ್, ಹನ್ಸ್ ರಾಸ್, ಸ್ಕಾಟ್ಲೆಂಡಿನಲ್ಲಿ ಜಾರ್ಜ್ ಕಾಕರ್‌ಹ್ಯಾಮ್ ಅದರ ಮೇಲೆ ದಶಕಗಟ್ಟಲೆ ದುಡಿದರು. ಈ ಗಿಡದಲ್ಲಿ ವೈರಸ್ ಹಚ್ಚಿದರೂ ಮಚ್ಚೆ ಏಳುವುದಿಲ್ಲ, ಎಲೆ ಕರಟುವುದಿಲ್ಲ, ಹುಡುಕಿದರೆ ವೈರಸ್ಸೇ ಸಿಗುವುದಿಲ್ಲ. ಇದನ್ನು ವಿಜ್ಞಾನಿಗಳು ತೀವ್ರ ನಿರೋಧ ಎನ್ನುತ್ತಾರೆ. ಇದರ ಹಿಂದೆ ಇರುವುದು ಒಂದೇ ಒಂದು ಪ್ರಬಲ ಜೀನ್ ಎಂದು ಕಾಕರ್‌ಹ್ಯಾಮ್ 1970ರ ಪ್ರಬಂಧದಲ್ಲಿ ಸ್ಪಷ್ಟಪಡಿಸಿದರು. ಅದೇ ಆರ್‌ವೈ-ಸ್ಟೊ. ಆಂಡಿಜೆನ ಆಲೂಗಡ್ಡೆಯಲ್ಲಿ ಇಂಥದೇ ಇನ್ನೊಂದು ಜೀನ್ ಇರುವುದನ್ನು 1975ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ವರದಿ ಮಾಡಿದರು. ಅದು ಆರ್‌ವೈ-ಎಡಿಜಿ.

ಜೀನ್ ಇದೆ ಎಂದು ತಿಳಿದ ಮಾತ್ರಕ್ಕೆ ತಳಿ ಬರುವುದಿಲ್ಲ. ಕಾಡುಗಿಡಕ್ಕೆ ನಾಡುಗಿಡದ ಸಂಕರ ಮಾಡಿದರೆ ಗೆಡ್ಡೆ ಸಣ್ಣದು, ರುಚಿ ಕಹಿ. ಆ ಕಾಡುತನ ಕಳೆಯಲು ನಾಡು ಆಲೂಗಡ್ಡೆಯೊಂದಿಗೆ ಮತ್ತೆ ಮತ್ತೆ ಸಂಕರ ಮಾಡಬೇಕು, ಪ್ರತಿ ಸಲವೂ ಜೀನ್ ಕೈಬಿಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಸ್ಟೊಲೊನಿಫೆರಮ್ ತಾಯಿಯಿಂದ ಬಂದ ಗಿಡಗಳ ಪರಾಗ ಬರಡಾಗುತ್ತಿದ್ದುದರಿಂದ ಅವನ್ನು ತಾಯಿಗಿಡವಾಗಿ ಮಾತ್ರ ಬಳಸಬಹುದಿತ್ತು. ಇದರ ಮೇಲೆ ಆಲೂಗಡ್ಡೆಯದೇ ಒಂದು ತೊಡಕಿದೆ. ನಮ್ಮಲ್ಲಿ ಪ್ರತಿ ವರ್ಣತಂತು ಎರಡೆರಡು ಇದ್ದರೆ ಅದರಲ್ಲಿ ನಾಲ್ಕು ನಾಲ್ಕು, ಒಟ್ಟು 48. ನಾಲ್ಕರಲ್ಲಿ ಒಂದರಲ್ಲಿ ಮಾತ್ರ ಜೀನ್ ಇದ್ದರೆ ಮಕ್ಕಳಲ್ಲಿ ಅರ್ಧಕ್ಕೆ ಸಿಗುತ್ತದೆ. ಎರಡರಲ್ಲಿದ್ದರೆ ಆರರಲ್ಲಿ ಐದಕ್ಕೆ. ಮೂರರಲ್ಲಿದ್ದರೆ ಹೆಚ್ಚುಕಡಿಮೆ ಎಲ್ಲಕ್ಕೂ. ಹೊರಗಿನಿಂದ ನೋಡಿದರೆ ಮೂರೂ ಬಗೆಯ ಗಿಡ ಒಂದೇ ರೀತಿ ಇರುತ್ತವೆ.

ಪರೀಕ್ಷೆಯ ಹಳೆಯ ವಿಧಾನ ಹೀಗಿತ್ತು: ಸೋಂಕಿತ ತಂಬಾಕು ಎಲೆ ಅರೆದು ರಸ ತೆಗೆಯುವುದು, ಗಿಡದ ಎಲೆಗೆ ನುಣ್ಣನೆಯ ಕಾರ್ಬೊರಂಡಮ್ ಪುಡಿ ಉದುರಿಸಿ ರಸವನ್ನು ಬೆರಳಿನಿಂದ ಉಜ್ಜುವುದು, ವಾರಗಟ್ಟಲೆ ಕಾಯುವುದು, ಸಂದೇಹವಿದ್ದರೆ ಸೋಂಕಿತ ಕೊಂಬೆ ಕಸಿ ಕಟ್ಟಿ ಮತ್ತೆ ಕಾಯುವುದು. ಒಂದು ತಳಿ ಹೊರಬರಲು ಹತ್ತು ಹನ್ನೆರಡು ವರ್ಷ. ಶುರುವಿನಲ್ಲಿ ಸಸಿಗಳ ಲೆಕ್ಕ ಸಾವಿರ ಸಾವಿರ. ಅಷ್ಟನ್ನೂ ಹೀಗೆ ಪರೀಕ್ಷಿಸುವುದು ಯಾರ ಕೈಲೂ ಆಗದ ಕೆಲಸ.

ಇಷ್ಟರಲ್ಲಿ ವೈರಸ್ ಕೂಡ ವೇಷ ಬದಲಿಸಿತು. ಎಂಬತ್ತರ ದಶಕದ ಆರಂಭದಲ್ಲಿ ಹಂಗೇರಿಯಲ್ಲಿ ಕಂಡ ಹೊಸ ಬಗೆಯ ವೈ ವೈರಸ್ ಎಲೆಗಿಂತ ಹೆಚ್ಚಾಗಿ ಗೆಡ್ಡೆಯ ಮೇಲೆಯೇ ಉಬ್ಬಿದ ಕಂದು ಉಂಗುರ ಮೂಡಿಸುತ್ತಿತ್ತು. ಮಾರುಕಟ್ಟೆಯಲ್ಲಿ ಅಂಥ ಗೆಡ್ಡೆಯನ್ನು ಮುಟ್ಟುವವರಿಲ್ಲ. ಸ್ಲೊವೇನಿಯದಲ್ಲಿ ಜನಮೆಚ್ಚುಗೆ ಪಡೆದು ಎಲ್ಲೆಡೆ ಹಬ್ಬಿದ್ದ ಇಗೋರ್ ಎಂಬ ತಳಿ 1988ರ ನಂತರದ ಕೆಲವೇ ವರ್ಷಗಳಲ್ಲಿ ಈ ರೋಗಕ್ಕೆ ಸಿಕ್ಕಿ ಹೊಲಗಳಿಂದ ಹೆಚ್ಚುಕಡಿಮೆ ಮಾಯವಾಯಿತು.

ಅದೇ 1988ರಲ್ಲಿ ಕಾರ್ನೆಲ್‌ನಲ್ಲಿ ಮೆರಿಡೆತ್ ಬೊನಿಯರ್‌ಬೇಲ್, ಪ್ಲೇಸ್ಟೆಡ್, ಸ್ಟೀವ್ ಟ್ಯಾಂಕ್ಸ್‌ಲಿ ಸೇರಿ ಆಲೂಗಡ್ಡೆಯ ವರ್ಣತಂತುಗಳ ಮೊದಲ ಡಿಎನ್‌ಎ ನಕ್ಷೆ ಪ್ರಕಟಿಸಿದರು. ಟೊಮೆಟೊಗೆ ಮಾಡಿಟ್ಟಿದ್ದ ಗುರುತುಗಳನ್ನೇ ಆಲೂಗಡ್ಡೆಗೂ ಹೊಂದಿಸಿ ಮಾಡಿದ ನಕ್ಷೆ ಅದು. ಮರುವರ್ಷ ಜರ್ಮನಿಯ ಕಲೋನ್‌ನಿಂದ ಕ್ರಿಸ್ಟಿಯಾನೆ ಗೆಬ್‌ಹಾರ್ಟ್ ಅವರ ತಂಡದ ನಕ್ಷೆ ಬಂತು. ಗುರುತು, ಅಂದರೆ ಮಾರ್ಕರ್, ಎನ್ನುವುದು ಡಿಎನ್‌ಎ ಸರಪಳಿಯಲ್ಲಿ ಸುಲಭವಾಗಿ ಪತ್ತೆ ಹಚ್ಚಬಹುದಾದ ಒಂದು ತುಣುಕು. ಅದಕ್ಕೂ ರೋಗಕ್ಕೂ ನೇರ ಸಂಬಂಧ ಇರಬೇಕಿಲ್ಲ. ಬೇಕಾದ ಜೀನಿನ ಪಕ್ಕದಲ್ಲೇ ಇದ್ದರೆ ಸಾಕು. ಊರ ಜಾತ್ರೆಯ ನೂಕುನುಗ್ಗಲಿನಲ್ಲಿ ಮಗು ಕಾಣದಿದ್ದರೂ ಅದರ ಕೈ ಹಿಡಿದ ಅಜ್ಜನ ಕೆಂಪು ರುಮಾಲು ಕಂಡರೆ ಮಗು ಎಲ್ಲಿದೆಯೆಂದು ತಿಳಿಯುವುದಿಲ್ಲವೇ, ಹಾಗೆ. ಅಜ್ಜ ದೂರವಿದ್ದಷ್ಟೂ ಕೈ ಬಿಟ್ಟುಹೋಗುವ ಭಯ ಹೆಚ್ಚು.

ಫಿನ್‌ಲ್ಯಾಂಡಿನ ಯಾರಿ ವಾಲ್ಕೊನೆನ್ ಮತ್ತು ಜೊತೆಗಾರರು 1997ರಲ್ಲಿ ಆರ್‌ವೈ-ಎಡಿಜಿ ಜೀನ್ ಹನ್ನೊಂದನೇ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. 2000ದಲ್ಲಿ ಜಪಾನಿನ ಕಜುವೊ ವಟನಾಬೆ ಅವರೂ ಸೇರಿದ ತಂಡ ಅದಕ್ಕೆ ಆರ್‌ವೈಎಸ್‌ಸಿ3 ಎಂಬ ಸರಳ ಗುರುತು ಕೊಟ್ಟಿತು. ನೂರಕ್ಕೂ ಹೆಚ್ಚು ತಳಿಗಳಲ್ಲಿ ಪರೀಕ್ಷಿಸಿದಾಗ ಜೀನ್ ಇದ್ದ ಗಿಡಗಳಲ್ಲಿ ಮಾತ್ರ ಆ ಗುರುತು ಕಂಡಿತು. ಹೊರಗಿನಿಂದ ನೋಡಿದರೆ ಇದು ಚಿಕ್ಕ ಸಂಗತಿ. ಆದರೆ ತಳಿ ತಜ್ಞರ ಕೆಲಸವನ್ನೇ ಬದಲಿಸಿದ್ದು ಇದು. ಸಸಿ ಗೇಣುದ್ದ ಇರುವಾಗಲೇ ಎಲೆಯಿಂದ ಗುಂಡಿ ಗಾತ್ರದ ತುಣುಕು ಕತ್ತರಿಸಿ, ಅರೆದು ಡಿಎನ್‌ಎ ತೆಗೆದು, ಪಿಸಿಆರ್ ಯಂತ್ರಕ್ಕೆ ಹಾಕುತ್ತಾರೆ. ಎರಡು ಮೂರು ಗಂಟೆಯಲ್ಲಿ ಯಂತ್ರ ಆ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುತ್ತದೆ. ಅದನ್ನು ಪಾರದರ್ಶಕ ಜೆಲ್ ಹಾಳೆಯ ಕುಳಿಗೆ ಸುರಿದು ವಿದ್ಯುತ್ ಹರಿಸಿ, ನೇರಳಾತೀತ ಬೆಳಕಿನಲ್ಲಿ ಹಿಡಿದರೆ 321 ಅಕ್ಷರ ಉದ್ದದ ಜಾಗದಲ್ಲಿ ಒಂದು ಗೆರೆ ಹೊಳೆಯುತ್ತದೆ. ಗೆರೆ ಇದ್ದ ಸಸಿ ಹೊಲಕ್ಕೆ, ಇಲ್ಲದ್ದು ಗೊಬ್ಬರದ ಗುಂಡಿಗೆ. ವೈರಸ್ ಇರುವ ರಸ ಬೇಡ, ಕಸಿ ಬೇಡ, ತಿಂಗಳುಗಟ್ಟಲೆ ಕಾಯುವುದೂ ಬೇಡ.

ಆರ್‌ವೈ-ಸ್ಟೊ ಅಷ್ಟು ಸುಲಭಕ್ಕೆ ಸಿಕ್ಕಲಿಲ್ಲ. 1997ರಲ್ಲಿ ಇಂಗ್ಲೆಂಡಿನ ನಾರಿಚ್‌ನಿಂದ ಬಂದ ಪ್ರಬಂಧ ಅದನ್ನೂ ಹನ್ನೊಂದನೇ ವರ್ಣತಂತುವಿನಲ್ಲೇ ಗುರುತಿಸಿತು. ಬೇರೆ ಬೇರೆ ಮೂಲದ ಎರಡು ಜೀನುಗಳು ಒಂದೇ ಕಡೆ ಇವೆ ಎನ್ನುವುದು ಒಪ್ಪುವ ಮಾತಾಗಿ ಕಂಡಿತು, ಎಂಟು ವರ್ಷ ಹಾಗೇ ನಡೆಯಿತು. 2005ರಲ್ಲಿ ಬವೇರಿಯದ ಒಂದು ತಂಡ, ಪೋಲೆಂಡ್ ಮತ್ತು ಕಲೋನ್‌ನ ಇನ್ನೊಂದು ತಂಡ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ತೀರ್ಮಾನಕ್ಕೆ ಬಂದವು: ಸ್ಟೊಲೊನಿಫೆರಮ್‌ನಿಂದ ಬಂದ ನಿರೋಧ ಇರುವುದು ಹನ್ನೆರಡನೇ ವರ್ಣತಂತುವಿನಲ್ಲಿ. ಪೋಲೆಂಡಿನವರ ಜಿಪಿ122 ಗುರುತು ಆಗಲೇ ಹೊಲದಲ್ಲಿದ್ದ ನಿರೋಧಕ ತಳಿಗಳಲ್ಲೂ ಸರಿಯಾಗಿ ಕಂಡಿತು. ಎರಡು ಜೀನುಗಳು ಎರಡು ಬೇರೆ ವರ್ಣತಂತುಗಳಲ್ಲಿ ಇವೆ ಎಂದಾದದ್ದು ತಳಿ ತಜ್ಞರಿಗೆ ಒಳ್ಳೆಯದೇ ಆಯಿತು. ಎರಡನ್ನೂ ಒಂದೇ ಗಿಡದಲ್ಲಿ ಸೇರಿಸಲು ಅಡ್ಡಿಯಿಲ್ಲ, ಒಂದನ್ನು ವೈರಸ್ ದಾಟಿದರೂ ಇನ್ನೊಂದು ಕಾಯುತ್ತದೆ. ಹೊರಗೆ ಒಂದೇ ರೀತಿ ಕಾಣುವ ಇವೆರಡೂ ಒಂದೇ ಗಿಡದಲ್ಲಿ ಇವೆಯೇ ಎಂದು ಹೇಳಬಲ್ಲದ್ದು ಮಾರ್ಕರ್ ಮಾತ್ರ.

ಜೀನನ್ನೇ ಕೈಗೆ ತೆಗೆದುಕೊಳ್ಳುವ ಕೆಲಸವೂ ನಡೆದಿತ್ತು. 1673ನೇ ನಂಬರಿನ ಆ ಆಂಡಿಸ್ ಗೆಡ್ಡೆಯ ಆರ್‌ಎಕ್ಸ್ ಜೀನನ್ನು 1999ರಲ್ಲಿ ನಾರಿಚ್‌ನ ಸೇನ್ಸ್‌ಬರಿ ಪ್ರಯೋಗಾಲಯದಲ್ಲಿ ಡೇವಿಡ್ ಬಾಲ್ಕೂಮ್ ಅವರ ತಂಡ ಬಿಡಿಸಿ ತೆಗೆಯಿತು. ಅದು ತಯಾರಿಸುವ ಪ್ರೋಟೀನು ಎಕ್ಸ್ ವೈರಸ್ಸಿನ ಹೊರಕವಚವನ್ನು ಗುರುತಿಸಿ, ಜೀವಕೋಶದೊಳಗೆ ವೈರಸ್ ಹೆಚ್ಚುವ ಮೊದಲೇ ತಡೆಯುತ್ತದೆ. 2011ರಲ್ಲಿ 14 ದೇಶಗಳ ವಿಜ್ಞಾನಿಗಳು ಆಲೂಗಡ್ಡೆಯ ಪೂರ್ಣ ಜೀನೋಮ್ ಪ್ರಕಟಿಸಿದರು. 39,031 ಜೀನುಗಳ ಪಟ್ಟಿ ಅದರಲ್ಲಿತ್ತು, ನಮ್ಮ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಪಾಲೂ ಇತ್ತು. ಕೊನೆಗೆ 2020ರಲ್ಲಿ ವಾರ್ಸಾದ ಮಾರ್ತಾ ಗ್ರೆಖ್-ಬರಾನ್ ಮತ್ತು ಸಂಗಡಿಗರು ಆರ್‌ವೈ-ಸ್ಟೊ ಜೀನನ್ನೂ ಬಿಡಿಸಿದರು. ಅದು ಕೂಡ ವೈರಸ್ಸಿನ ಹೊರಕವಚವನ್ನೇ ಗುರುತಿಸುತ್ತದೆ. ಈಗ ಗುರುತು ಪಕ್ಕದಲ್ಲಿರಬೇಕಾಗಿಲ್ಲ, ಜೀನಿನೊಳಗೇ ಇಡಬಹುದು.

ಇದೆಲ್ಲ ಕುಲಾಂತರಿ ಬೆಳೆಯಲ್ಲವೇ ಎಂದು ಓದುಗರು ಕೇಳಬಹುದು. ಅಲ್ಲ. ಅಮೆರಿಕದ ಮೊನ್ಸಾಂಟೊ ಕಂಪನಿ ತೊಂಬತ್ತರ ದಶಕದ ಕೊನೆಗೆ ವೈರಸ್ ತಡೆಯುವ ಕುಲಾಂತರಿ ಆಲೂಗಡ್ಡೆಗಳನ್ನು ಮಾರುಕಟ್ಟೆಗೆ ತಂದಿತ್ತು. ದೊಡ್ಡ ಆಹಾರ ಕಂಪನಿಗಳು ಕೊಳ್ಳಲು ಹಿಂಜರಿದ ಮೇಲೆ 2001ರಲ್ಲಿ ವಾಪಸು ಪಡೆಯಿತು. ಮಾರ್ಕರ್ ಆಧಾರಿತ ಆಯ್ಕೆಯಲ್ಲಿ ಹೊರಗಿನಿಂದ ಏನನ್ನೂ ತುರುಕುವುದಿಲ್ಲ. ಹೂವಿಗೆ ಹೂವಿನ ಪರಾಗ ಹಚ್ಚುವ ಹಳೆಯ ಸಂಕರವೇ ನಡೆಯುತ್ತದೆ, ಮಕ್ಕಳಲ್ಲಿ ಯಾವುದನ್ನು ಉಳಿಸಬೇಕೆಂದು ತಿಳಿಯಲು ಮಾತ್ರ ಡಿಎನ್‌ಎ ನೋಡುತ್ತಾರೆ.

ಶಿಮ್ಲಾದ ವಿಜ್ಞಾನಿಗಳು ಈ ದಾರಿಯಲ್ಲಿ ದೂರ ಬಂದಿದ್ದಾರೆ. ಆರ್‌ವೈ-ಎಡಿಜಿ ಜೀನಿನ ಮೂರು ಪ್ರತಿ ಇರುವ ವೈವೈ-6/3 ಸಿ-11 ಎಂಬ ತಾಯಿಗಿಡವನ್ನು ಅವರು ಮಾರ್ಕರ್ ನೆರವಿನಿಂದ ಸಿದ್ಧಪಡಿಸಿದರು. ಅದನ್ನು ಯಾವ ಒಳ್ಳೆಯ ತಳಿಯೊಂದಿಗೆ ಸಂಕರ ಮಾಡಿದರೂ ಮಕ್ಕಳು ಹೆಚ್ಚುಕಡಿಮೆ ಎಲ್ಲವೂ ವೈ ವೈರಸ್ಸನ್ನು ತಡೆಯುವವೇ. ಆಗ ಇಳುವರಿ, ರುಚಿ, ಬಾಳಿಕೆಯ ಕಡೆಗೆ ಪೂರ್ತಿ ಗಮನ ಕೊಡಬಹುದು.

ನಮ್ಮ ಹಾಸನದ ಹೊಲಗಳಿಗೆ ಇದರಿಂದ ಏನಾಗಬೇಕು? ಹಾಸನ, ಚಿಕ್ಕಮಗಳೂರಿನ ಮುಂಗಾರು ಬೆಳೆಗಾರರು ಪ್ರತಿ ವರ್ಷ ಜಲಂಧರ್ ಕಡೆಯಿಂದ ಬರುವ ಬಿತ್ತನೆಯನ್ನೇ ನೆಚ್ಚಿದ್ದಾರೆ. ಬೆಲೆಯೂ ಅವರ ಕೈಯಲ್ಲಿಲ್ಲ, ಗುಣಮಟ್ಟವೂ ಅವರ ಕೈಯಲ್ಲಿಲ್ಲ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಯೇ ಇಲ್ಲಿ ದಶಕಗಳ ಕಾಲ ಮುಖ್ಯ ತಳಿ. ಇಲ್ಲಿಯ ರೈತರನ್ನು ಹೆಚ್ಚು ಕಾಡಿದ್ದು ಅಂಗಮಾರಿ, ವೈರಸ್ ಅಲ್ಲ ಎಂಬುದನ್ನೂ ಹೇಳಬೇಕು. ಆದರೆ ಅಂಗಮಾರಿ ತಡೆಯುವ ಜೀನುಗಳಿಗೂ ಮಾರ್ಕರ್‌ಗಳಿವೆ, ಎರಡನ್ನೂ ಒಂದೇ ತಳಿಯಲ್ಲಿ ಕೂಡಿಸಲು ಇಂದು ಅಡ್ಡಿ ಇರುವುದು ಹಣ ಮತ್ತು ಮನಸ್ಸಿನದು, ಜ್ಞಾನದ್ದಲ್ಲ. ಕುಡಿ ಕತ್ತರಿಸಿ ಬೇರು ಬರಿಸಿದ ಸಸಿಗಳಿಂದ ಬಿತ್ತನೆ ಗೆಡ್ಡೆ ಬೆಳೆಯುವ ಪ್ರಯತ್ನ ಹಾಸನದಲ್ಲಿ ಈಗಾಗಲೇ ನಡೆದಿದೆ. ಆ ಸಸಿಗಳು ವೈರಸ್ ತಡೆಯುವ ತಳಿಯವೇ ಆಗಿದ್ದರೆ, ರೈತ ತನ್ನ ಗೆಡ್ಡೆಯನ್ನು ತಾನೇ ಹಲವು ವರ್ಷ ಬಿತ್ತಬಹುದು.

ಆದ್ದರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೂ ರಾಜ್ಯ ಸರ್ಕಾರವೂ ಶಿಮ್ಲಾದಿಂದ ಈ ತಾಯಿಗಿಡಗಳ ಸಂತತಿಯನ್ನು ತರಿಸಿ, ಹಾಸನದ ಮಳೆಗೆ, ಹಾಸನದ ಮಣ್ಣಿಗೆ ಹೊಂದುವ ತಳಿಯನ್ನು ಹಾಸನದಲ್ಲೇ ಆರಿಸುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು. ಇವತ್ತು ಸಂಕರ ಮಾಡಿದರೂ ತಳಿ ರೈತನ ಕೈಗೆ ಬರಲು ಎಂಟು ಹತ್ತು ವರ್ಷ ಹಿಡಿಯುತ್ತದೆ.